ಈ ಬಟ್ಟಲು ಊಟದ್ದೋ ಪೂಜೆಯದೋ, ಹೇಗೆ ಗೊತ್ತಾಗುತ್ತದೆ?

ನೀಲಿಶಾಯಿ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆ.

ಮ್ಯೂಸಿಯಂಗೆ ಹೋದರೆ ಕಿರೀಟ, ಕತ್ತಿಗಳ ಹತ್ತಿರ ನಾನು ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಬಟ್ಟಲು, ದೀಪ, ಬಾಚಣಿಗೆ, ಸೂಜಿ. ಮೂರು ಸಾವಿರ ವರ್ಷದ ಹಿಂದೆ ಯಾರೋ ದಿನವೂ ಕೈಯಲ್ಲಿ ಹಿಡಿದಿದ್ದ ವಸ್ತು ಅಂದರೆ ನನಗೆ ಬೇರೇನೂ ಬೇಡ.

ಆದರೆ ಅವುಗಳ ಕೆಳಗಿನ ಚೀಟಿ ಓದಿದಾಗಲೆಲ್ಲ ಗೊಂದಲ. ಒಂದು ಬಟ್ಟಲಿಗೆ 'ದಿನಬಳಕೆಯದು' ಅಂತ ಬರೆದಿರುತ್ತಾರೆ. ಪಕ್ಕದಲ್ಲೇ ಅದೇ ಗಾತ್ರದ, ಅದೇ ಬಣ್ಣದ ಇನ್ನೊಂದು ಬಟ್ಟಲು. ಅದಕ್ಕೆ 'ಧಾರ್ಮಿಕ ಆಚರಣೆಯದು' ಅಂತ ಇರುತ್ತದೆ. ಗಾಜಿಗೆ ಮೂಗು ತಾಗಿಸಿ ನೋಡಿದರೂ ನನಗೆ ಎರಡರ ನಡುವೆ ವ್ಯತ್ಯಾಸ ಕಂಡಿಲ್ಲ.

'ಏನಂತ ಗೊತ್ತಾಗದಿದ್ದರೆ ಪೂಜೆಯದು ಅಂತ ಬರೆದುಬಿಡುತ್ತಾರೆ' ಎಂದು ಒಬ್ಬರು ಹೇಳಿದರು. ಈ ಮಾತು ತುಂಬ ಕಡೆ ಕೇಳಿದ್ದೇನೆ. ಅಷ್ಟಕ್ಕೇ ಬಿಟ್ಟುಬಿಡಲು ಮನಸ್ಸು ಒಪ್ಪುತ್ತಿಲ್ಲ. ಅಗೆದು ತೆಗೆದವರು ವಸ್ತುವಿನಲ್ಲಿ ಏನು ನೋಡುತ್ತಾರೆ? ವಸ್ತುವನ್ನೇ ನೋಡಿ ಹೇಳುತ್ತಾರಾ, ಸಿಕ್ಕ ಜಾಗ ನೋಡಿ ಹೇಳುತ್ತಾರಾ? ಒಂದೇ ವಸ್ತು ಎರಡೂ ಆಗಿರಲು ಸಾಧ್ಯವಾ?

ಇನ್ನೊಂದು ವಿಷಯ. ರೋಮನ್ ಕಾಲದ ಹನ್ನೆರಡು ಮುಖದ ಆ ಕಂಚಿನ ಟೊಳ್ಳು ಗುಂಡಿನ ಬಗ್ಗೆ ತಿಳಿದವರು ಇದ್ದರೆ ಅದನ್ನೂ ಹೇಳಿ.

---

ಮಡಕೆತಳ ಉತ್ತರ:

ಒಳ್ಳೆಯ ಪ್ರಶ್ನೆ. ಹಳೆಯ ಮಡಕೆ ಚೂರುಗಳನ್ನು ತೊಳೆದು, ಜೋಡಿಸಿ, ಒಂದೊಂದಕ್ಕೂ ದಾಖಲೆ ಬರೆಯುವುದು ನನ್ನ ಕೆಲಸ. ಹಾಗಾಗಿ ನಾವು ಮೇಜಿನ ಮೇಲೆ ಮಾಡುವುದನ್ನೇ ಹೇಳುತ್ತೇನೆ.

ಬಟ್ಟಲು ಕೈಗೆ ಬಂದ ಕೂಡಲೇ ಮಗುಚಿ ತಳ ನೋಡುತ್ತೇವೆ. ಗಾಜಿನ ಪೆಟ್ಟಿಗೆಯ ಹೊರಗೆ ನಿಂತವರಿಗೆ ಕಾಣದ ಭಾಗ ಅದೇ, ನಮಗೆ ಜಾಸ್ತಿ ವಿಷಯ ಹೇಳುವುದೂ ಅದೇ. ದಿನವೂ ನೆಲದ ಮೇಲೆ ಇಟ್ಟು, ಎಳೆದು, ಎತ್ತಿದ ಬಟ್ಟಲಿನ ತಳದ ಅಂಚು ಸವೆದು ನುಣುಪಾಗಿರುತ್ತದೆ. ಮೇಲೆ ಬಳಿದ ತೆಳು ಬಣ್ಣ ಅಲ್ಲಿ ಉಂಗುರದಂತೆ ಹೋಗಿರುತ್ತದೆ. ಆಮೇಲೆ ಒಳಗೆ ನೋಡುತ್ತೇವೆ. ಸೌಟಿನಿಂದ ಕಲಕಿದ್ದರೆ, ಬಗೆದು ತಿಂದಿದ್ದರೆ, ಒಳಮೈಯ ಕೆಳಭಾಗದಲ್ಲಿ ಸಣ್ಣ ಗೀರುಗಳ ಒಂದು ಪಟ್ಟಿ ಬಿದ್ದಿರುತ್ತದೆ. ದೀಪವನ್ನು ಓರೆಯಾಗಿ ಹಿಡಿದರೆ ಗೀರುಗಳು ಎದ್ದು ಕಾಣುತ್ತವೆ. ಅವು ಯಾವ ಕಡೆಗೆ ಓಡಿವೆ ಅನ್ನುವುದೂ ಗೊತ್ತಾಗುತ್ತದೆ. ಬೆಂಕಿಯ ಮೇಲೆ ಇಟ್ಟಿದ್ದಾದರೆ ಹೊರಗೆ ಮಸಿ ಹಿಡಿದಿರುತ್ತದೆ. ಎಣ್ಣೆ ದೀಪವಾದರೆ ಬತ್ತಿಯ ಮೂತಿ ಕಪ್ಪಾಗಿರಬೇಕು. ರೋಮನ್ ಸಮಾಧಿಗಳಲ್ಲಿ ಸಿಕ್ಕ ಎಷ್ಟೋ ದೀಪಗಳ ಮೂತಿ ಶುಭ್ರವಾಗಿದೆ. ಅಂದರೆ ಅವನ್ನು ಮನೆಯಲ್ಲಿ ಉರಿಸಿಯೇ ಇಲ್ಲ, ಸತ್ತವರ ಜೊತೆ ಇಡಲು ಹೊಸದಾಗಿಯೇ ತಂದಿದ್ದಾರೆ.

ಇಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ಸವೆದದ್ದು ಮನೆಯದು, ಸವೆಯದ್ದು ದೇವರದು ಅಂತ ಬರೆದು ಮುಗಿಸಬಹುದಿತ್ತು. ಆದರೆ ಮಿಂಬ್ರೆಸ್ ಬಟ್ಟಲುಗಳನ್ನು ನೋಡಿ. ಇವತ್ತಿನ ಅಮೆರಿಕದ ನ್ಯೂ ಮೆಕ್ಸಿಕೊದ ನೈರುತ್ಯ ಭಾಗದಲ್ಲಿ ಸುಮಾರು ಕ್ರಿ.ಶ. 1000ರಿಂದ 1130ರವರೆಗೆ ಮಾಡಿದ, ಬಿಳಿ ಮೈಮೇಲೆ ಕಪ್ಪು ಚಿತ್ರ ಬರೆದ ಬಟ್ಟಲುಗಳು. ಮೀನು, ಮೊಲ, ಬಾವಲಿ, ಮನುಷ್ಯರು, ನೋಡುತ್ತಾ ಇದ್ದರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಸತ್ತವರನ್ನು ಮನೆಯ ನೆಲದ ಕೆಳಗೇ ಹೂಳುತ್ತಿದ್ದರು. ಇಂಥ ಒಂದು ಬಟ್ಟಲನ್ನು ಅವರ ಮುಖದ ಮೇಲೆ ಬೋರಲಾಗಿ ಹಾಕುತ್ತಿದ್ದರು. ಹಾಕುವ ಮೊದಲು ತಳಕ್ಕೆ ಹೊಡೆದು ಒಂದು ತೂತು ಮಾಡುತ್ತಿದ್ದರು. ಇಷ್ಟು ಕೇಳಿದರೆ ಇದು ಸಾವಿನ ವಿಧಿಗೆಂದೇ ಮಾಡಿದ ಬಟ್ಟಲು ಅನಿಸುತ್ತದೆ ಅಲ್ವಾ? ಆದರೆ ಬಹಳಷ್ಟು ಬಟ್ಟಲುಗಳ ಒಳಗೆ ನಾನು ಮೇಲೆ ಹೇಳಿದ ಅದೇ ಸವೆತ ಇದೆ. ಆ ಚಿತ್ರಗಳ ಮೇಲೆಯೇ ಊಟ ಬಡಿಸಿದ್ದಾರೆ, ಕಲಕಿದ್ದಾರೆ. ಆಮೇಲೆ ಒಂದು ದಿನ ತೂತು ಹೊಡೆದು ಮುಖ ಮುಚ್ಚಿದ್ದಾರೆ.

ಹಾಗಾದರೆ ಚೀಟಿಯಲ್ಲಿ ಏನು ಬರೆಯುವುದು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. 'ಆಚರಣೆ' ಅನ್ನುವುದು ವಸ್ತುವಿನ ಜಾತಿ ಅಲ್ಲ. ಅದರ ಆಯಸ್ಸಿನಲ್ಲಿ ನಡೆದ ಒಂದು ಘಟನೆ. ಕೆಲವು ವಸ್ತುಗಳಿಗೆ ಹುಟ್ಟುವಾಗಲೇ ಅದು ಇರುತ್ತದೆ, ಕೆಲವಕ್ಕೆ ನಡುವೆ ಬರುತ್ತದೆ, ಕೆಲವಕ್ಕೆ ಕೊನೆಯ ದಿನ. ಒಂದೇ ಪದದ ಚೀಟಿ ಬರೆದಾಗ ಆ ಆಯಸ್ಸೆಲ್ಲ ಅಳಿಸಿಹೋಗುತ್ತದೆ. ನನಗೆ ನಿಜಕ್ಕೂ ಬೇಸರ ತರುವ ಸಂಗತಿ ಇದು.

ಸಿಕ್ಕ ಜಾಗ ಮುಖ್ಯವಾ ಅಂತ ಕೇಳಿದಿರಿ. ತುಂಬಾ ಮುಖ್ಯ. ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕ್ ಕಡೆಯ, ಮಂತ್ರದ ಬಟ್ಟಲುಗಳೇ ಸಾಕ್ಷಿ. ಹೆಚ್ಚುಕಡಿಮೆ ಕ್ರಿ.ಶ. 5ರಿಂದ 8ನೇ ಶತಮಾನದವು. ಬಟ್ಟಲು ತೀರಾ ಸಾಮಾನ್ಯದ್ದು, ಮನೆಯಲ್ಲಿ ಬಳಸುತ್ತಿದ್ದ ಮಾಮೂಲಿ ಮಣ್ಣಿನ ಬಟ್ಟಲು. ಆದರೆ ಒಳಗೆ ಶಾಯಿಯಲ್ಲಿ ಅರಾಮಿಕ್ ಬರಹ, ಸುರುಳಿ ಸುರುಳಿಯಾಗಿ ಸುತ್ತಿಕೊಂಡು ಹೋಗುತ್ತದೆ. ಯಾರನ್ನು ಕಾಪಾಡಬೇಕೋ ಅವರ ಹೆಸರನ್ನು ತಾಯಿಯ ಹೆಸರಿನ ಜೊತೆ ಬರೆದಿರುತ್ತಾರೆ. ಕೆಲವದರ ನಡುವೆ ಕೈಕಾಲಿಗೆ ಬೇಡಿ ತೊಡಿಸಿದ ದೆವ್ವದ ಚಿತ್ರವೂ ಇದೆ. ಇದನ್ನು ಮನೆಯ ಹೊಸಿಲಿನ ಕೆಳಗೆ, ಮೂಲೆಗಳಲ್ಲಿ ಬೋರಲಾಗಿ ಹೂಳುತ್ತಿದ್ದರು. ಕೆಲವೊಮ್ಮೆ ಎರಡು ಬಟ್ಟಲುಗಳ ಬಾಯಿಗೆ ಬಾಯಿ ಸೇರಿಸಿ, ನಡುವಿನ ಸಂದನ್ನು ಕಲ್ಲರಗಿನಿಂದ ಮುಚ್ಚಿದ್ದಾರೆ. ಈಗ ಯೋಚಿಸಿ. ನೆಲದ ತೇವಕ್ಕೆ ಆ ಶಾಯಿ ಪೂರ್ತಿ ಅಳಿಸಿಹೋಗಿದೆ, ಅಗೆದವರು ಹೊಸಿಲಿನ ಕೆಳಗೆ ಬೋರಲು ಬಿದ್ದಿತ್ತು ಅಂತ ಬರೆದುಕೊಂಡಿಲ್ಲ ಅಂತ ಇಟ್ಟುಕೊಳ್ಳಿ. ನನ್ನ ಮೇಜಿಗೆ ಬರುವುದು ಒಂದು ಊಟದ ಬಟ್ಟಲು, ಅಷ್ಟೇ. ಯಾರೋ ಕಳ್ಳತನದಲ್ಲಿ ಅಗೆದು ಮಾರಿದ ವಸ್ತುಗಳ ಬಗ್ಗೆ ನಮಗೆ ಇಷ್ಟು ಸಂಕಟ ಆಗುವುದು ಇದಕ್ಕೇ. ವಸ್ತು ಉಳಿದಿರುತ್ತದೆ, ಅದರ ಕಥೆ ಹೋಗಿರುತ್ತದೆ.

ಇನ್ನೊಂದು ದಾರಿ, ಮಣ್ಣು ಹೀರಿಕೊಂಡ ಕೊಬ್ಬು. ಮೆರುಗು ಹಚ್ಚದ ಮಡಕೆಯ ಗೋಡೆಯೊಳಗೆ ಕೊಬ್ಬಿನಂಶ ಇಳಿದು ಸಾವಿರಾರು ವರ್ಷ ಉಳಿಯುತ್ತದೆ. ಜರ್ಮನಿಯ ಬವೇರಿಯಾದಲ್ಲಿ ಪುಟ್ಟ ಮಕ್ಕಳ ಸಮಾಧಿಗಳಲ್ಲಿ ಸಣ್ಣ ಮೂತಿಯ ಪುಟಾಣಿ ಕುಡಿಕೆಗಳು ಸಿಕ್ಕಿದ್ದವು. ಕಂಚಿನ ಯುಗದ ಕೊನೆ ಮತ್ತು ಕಬ್ಬಿಣ ಯುಗದವು. ಅಂಥ ಮೂರನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಳಗೆ ಸಿಕ್ಕಿದ್ದು ಹಾಲಿನ ಕೊಬ್ಬು, ಮೆಲುಕು ಹಾಕುವ ಪ್ರಾಣಿಗಳ ಹಾಲಿನದು. ಮಗುವಿಗೆ ಹಾಲು ಕುಡಿಸುತ್ತಿದ್ದ ಕುಡಿಕೆಯನ್ನು ಆ ಮಗುವಿನ ಜೊತೆಗೇ ಮಣ್ಣಿಗೆ ಇಟ್ಟಿದ್ದಾರೆ. ಇದಕ್ಕೆ ಯಾವ ಚೀಟಿ ಹಾಕುತ್ತೀರಿ ಹೇಳಿ.

---

ತಿಗರಿ ಉತ್ತರ:

ಮಡಕೆತಳ ಅವರು ಬಳಸಿದ ಮೇಲಿನ ಗುರುತು ಹೇಳಿದರು. ನಾನು ಮಡಕೆ ಮಾಡುವವನು. ಮಾಡುವಾಗಿನ ಗುರುತಿನ ಬಗ್ಗೆ ಎರಡು ಮಾತು.

ಚೆಂದ ಇದ್ದರೆ ದೇವರದು, ಒರಟಾಗಿದ್ದರೆ ಮನೆಯದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಇದು ನಿಲ್ಲುವುದಿಲ್ಲ. ಗ್ರೀಸಿನ ಕೊರಿಂತ್‌ನಲ್ಲಿ ಡಿಮೀಟರ್ ದೇವಿಯ ಗುಡಿಯ ಜಾಗದಲ್ಲಿ ಬೆರಳೆತ್ತರದ ಪುಟ್ಟ ಮಡಕೆಗಳು ಸಾವಿರಗಟ್ಟಲೆ ಸಿಕ್ಕಿವೆ. ಅವಸರದಲ್ಲಿ ಮಾಡಿದವು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಹರಕೆಗೆ ಬೇಕಿದ್ದದ್ದು ಆಕಾರ ಮಾತ್ರ. ಅದರಲ್ಲಿ ಯಾರೂ ಏನೂ ಕುಡಿಯಬೇಕಿರಲಿಲ್ಲ.

ನನಗೆ ಬಹಳ ಇಷ್ಟವಾದದ್ದು ಉರುಕ್ ಕಾಲದ ಓರೆ ಅಂಚಿನ ಬಟ್ಟಲು. ಈಗಿನ ಇರಾಕ್, ಸಿರಿಯಾ, ಇರಾನ್‌ಗಳಲ್ಲಿ ಕ್ರಿ.ಪೂ. 4ನೇ ಸಹಸ್ರಮಾನದ ಪದರಗಳಲ್ಲಿ ಇದರ ರಾಶಿಯೇ ಬೀಳುತ್ತದೆ. ಅದರ ಚಿತ್ರ ಹತ್ತಿರದಿಂದ ನೋಡಿ. ಚಕ್ರದ ಮೇಲೆ ಎತ್ತಿದ್ದಲ್ಲ, ಅಚ್ಚಿಗೆ ಒತ್ತಿ ಮಾಡಿದ್ದು. ಮಣ್ಣಿಗೆ ಹೊಟ್ಟು ಸೇರಿಸಿದ್ದಾರೆ, ಸುಟ್ಟಾಗ ಹೊಟ್ಟು ಉರಿದು ಮೈಯೆಲ್ಲ ತೂತು ತೂತು. ಒಳಗೆ ಒತ್ತಿದ ಕೈಯ ಗುರುತು ಹಾಗೇ ಇದೆ, ಒರೆಸಿ ನುಣುಪು ಮಾಡಿಲ್ಲ. ಅಂಚನ್ನು ಒಂದೇ ಏಟಿಗೆ ಓರೆಯಾಗಿ ಸವರಿದ್ದಾರೆ. ನೀರು ಹುಯ್ದರೆ ಜಿನುಗುತ್ತದೆ. ಕೈ ಪಳಗಿದವರು ದಿನಕ್ಕೆ ರಾಶಿ ರಾಶಿ ಮಾಡಬಹುದಾದ ಕೆಲಸ ಇದು.

ಮೊದಮೊದಲು ಇದನ್ನೂ ಹರಕೆಯ ಬಟ್ಟಲು ಅಂದವರಿದ್ದರು. ಆಮೇಲೆ ಬಹಳ ಜನ ಒಪ್ಪಿದ್ದು, ಕೆಲಸದವರಿಗೆ ಕಾಳಿನ ಪಡಿ ಅಳೆದು ಕೊಡಲು ಬಳಸಿದ್ದು ಅಂತ. ರೊಟ್ಟಿ ಬೇಯಿಸುವ ಅಚ್ಚು ಅನ್ನುವವರೂ ಇದ್ದಾರೆ. ಪಡಿ ಅನ್ನುವುದಕ್ಕೆ ಒಂದು ಆಧಾರ ಅಲ್ಲಿನ ಅತಿ ಹಳೆಯ ಬರಹದಲ್ಲೇ ಇದೆ. ಒಂದು ತಲೆ, ಅದರ ಬಾಯಿಯ ಹತ್ತಿರ ಇಂಥದೇ ಬಟ್ಟಲಿನ ಆಕಾರ. ಆ ಗುರುತು ತಿನ್ನುವುದಕ್ಕೆ, ಪಡಿ ಕೊಡುವುದಕ್ಕೆ ಸಂಬಂಧಪಟ್ಟದ್ದು.

ಇನ್ನು ಚೀನಾದ ಮೂರು ಕಾಲಿನ ಡಿಂಗ್ ಪಾತ್ರೆ. ಶುರುವಾಗಿದ್ದು ನವಶಿಲಾಯುಗದ ಅಡುಗೆ ಮಡಕೆಯಾಗಿ. ಕಾಲುಗಳ ನಡುವೆ ಬೆಂಕಿ ಹಾಕಿದರೆ ಬೇರೆ ಒಲೆಯೇ ಬೇಡ. ಶಾಂಗ್ ಅರಸರ ಕಾಲಕ್ಕೆ ಅದನ್ನೇ ಕಂಚಿನಲ್ಲಿ ಎರಕ ಹೊಯ್ದು ಹಿರಿಯರಿಗೆ ಎಡೆ ಇಡಲು ಬಳಸಿದರು. ಅನ್ಯಾಂಗ್‌ನಲ್ಲಿ 1939ರಲ್ಲಿ ಸಿಕ್ಕ ನಾಲ್ಕು ಕಾಲಿನ ಒಂದು ಡಿಂಗ್ 832 ಕೆ.ಜಿ. ಗಿಂತ ಜಾಸ್ತಿ ತೂಗುತ್ತದೆ. ಯಾರೂ ಅದನ್ನು ಅಡುಗೆಮನೆಗೆ ಹೊತ್ತುಕೊಂಡು ಹೋಗಲಾರರು. ಆದರೂ ಆಕಾರ ಅಡುಗೆ ಪಾತ್ರೆಯದೇ. ಮಾಡಿದವರು ಕಾಲು, ಕಿವಿ ಎರಡನ್ನೂ ಬಿಟ್ಟುಕೊಟ್ಟಿಲ್ಲ ನೋಡಿ.

---

ಅಳತೆಕೋಲು ಉತ್ತರ:

ಗಾತ್ರ ಮತ್ತು ಬೆಲೆಯೂ ಒಂದು ಸುಳಿವು ಅನ್ನುವುದಕ್ಕೆ ಈಜಿಪ್ಟಿನಿಂದ ಎರಡು ಉದಾಹರಣೆ ಕೊಡುತ್ತೇನೆ.

ಅಲ್ಲಿ ಅರಸರ ಕಾಲಕ್ಕೂ ಮೊದಲೇ ಕಣ್ಣಿಗೆ ಬಣ್ಣ ಹಚ್ಚುವ ರೂಢಿ ಇತ್ತು. ಹಸಿರಿಗೆ ಮ್ಯಾಲಕೈಟ್ ಅನ್ನುವ ತಾಮ್ರದ ಅದಿರು, ಕಪ್ಪಿಗೆ ಸೀಸದ ಅದಿರು. ಅದನ್ನು ಅರೆಯಲು ಚಪ್ಪಟೆ ಕಲ್ಲು. ಮೀನು, ಆಮೆ, ಹಕ್ಕಿ ಆಕಾರದ ಪುಟ್ಟ ಪುಟ್ಟ ಕಲ್ಲುಗಳು ಸಮಾಧಿಗಳಲ್ಲಿ ಸಿಗುತ್ತವೆ. ಕೆಲವದರ ಮೇಲೆ ಹಸಿರು ಕಲೆ ಇನ್ನೂ ಹಾಗೇ ಇದೆ. ಇದು ಖಂಡಿತ ಬಳಸಿದ್ದು.

ಈಗ ನಾರ್ಮರ್ ಅರಸನ ಕಲ್ಲು ನೋಡಿ. ಸುಮಾರು ಕ್ರಿ.ಪೂ. 3100ರದು, ಹೈರಕೊನ್‌ಪೊಲಿಸ್‌ನ ಗುಡಿಯ ಜಾಗದಲ್ಲಿ 19ನೇ ಶತಮಾನದ ಕೊನೆಯಲ್ಲಿ ಸಿಕ್ಕಿದ್ದು. ಎತ್ತರ ಹೆಚ್ಚುಕಡಿಮೆ 64 ಸೆಂ.ಮೀ. ಎರಡೂ ಕಡೆ ಕೆತ್ತನೆ. ಅರಸ ಗದೆ ಎತ್ತಿದ್ದಾನೆ, ಶತ್ರು ಕಾಲ ಬಳಿ ಕುಸಿದಿದ್ದಾನೆ. ಇಷ್ಟು ದೊಡ್ಡ ಕಲ್ಲಿನ ಮೇಲೆ ಯಾರೂ ದಿನಾ ಕಾಡಿಗೆ ಅರೆಯುವುದಿಲ್ಲ. ಆದರೆ ಒಂದು ಬದಿಯಲ್ಲಿ ಎರಡು ವಿಚಿತ್ರ ಮೃಗಗಳ ಉದ್ದ ಕತ್ತು ಹೆಣೆದುಕೊಂಡಿರುವ ಕಡೆ ನೋಡಿ. ಆ ಕತ್ತುಗಳು ಸುತ್ತುವರಿದಿರುವುದು ಒಂದು ದುಂಡನೆಯ ಗುಳಿಯನ್ನು. ಬಣ್ಣ ಅರೆಯುವ ಗುಳಿ ಅದು! ಇಡೀ ರಾಜ್ಯದ ಗೆಲುವನ್ನು ಕೆತ್ತುವಾಗಲೂ ಆ ಗುಳಿಗೆ ಜಾಗ ಬಿಟ್ಟಿದ್ದಾರೆ.

ಎರಡನೆಯದು ಖಾ ಅನ್ನುವವನ ಸಮಾಧಿ. ಅರಸರ ಸಮಾಧಿ ಕಟ್ಟುವ ಕೆಲಸದ ಮೇಲ್ವಿಚಾರಕ, ಸುಮಾರು ಕ್ರಿ.ಪೂ. 1400ರ ಹೊತ್ತಿನವನು. ಅವನ ಮತ್ತು ಹೆಂಡತಿ ಮೆರಿತ್‌ಳ ಸಮಾಧಿಯನ್ನು 1906ರಲ್ಲಿ ದೈರ್ ಅಲ್ ಮದೀನಾದಲ್ಲಿ ತೆರೆದರು. ಕಳ್ಳರ ಕೈ ತಾಗಿರಲಿಲ್ಲ. ವಸ್ತುಗಳು ಈಗ ಇಟಲಿಯ ಟುರಿನ್‌ನಲ್ಲಿವೆ. ಅವನಿಗೆ ಎರಡು ಅಳತೆಕೋಲು ಇದ್ದವು. ಒಂದಕ್ಕೆ ಚಿನ್ನದ ತಗಡು ಹೊದಿಸಿದೆ, ಎರಡನೇ ಅಮೆನ್‌ಹೊಟೆಪ್ ಅರಸನ ಹೆಸರಿದೆ, ಅರಸನ ಉಡುಗೊರೆ ಅದು. ಇನ್ನೊಂದು ಬರಿ ಮರದ್ದು, ನಡುವೆ ಮಡಚಬಹುದು, ಇಡಲು ಚರ್ಮದ ಚೀಲ. ಕೆಲಸದ ಜಾಗಕ್ಕೆ ಅವನು ಒಯ್ಯುತ್ತಿದ್ದದ್ದು ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ. ಒಬ್ಬನೇ ಮನುಷ್ಯನ ಹತ್ತಿರ ಒಂದೇ ವಸ್ತುವಿನ ಎರಡು ರೂಪ ಸಿಗುವುದು ಬಹಳ ಅಪರೂಪ. ಅದಕ್ಕೇ ನನಗೆ ಈ ಜೋಡಿಯ ಮೇಲೆ ಇಷ್ಟು ಪ್ರೀತಿ. ಇಲ್ಲಿ ನನ್ನ ಹೆಸರೂ ಅದರಿಂದಲೇ ಬಂದದ್ದು.

---

ಕಲ್ಲುಮೂಳೆ ಉತ್ತರ:

'ಗೊತ್ತಾಗದಿದ್ದರೆ ಪೂಜೆಯದು' ಅನ್ನುವ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಹಾಗೆ ಆಗಿದ್ದುಂಟು. ಹಿಮಯುಗದ ಯುರೋಪಿನಲ್ಲಿ ಕೊಂಬಿಗೆ ತೂತು ಕೊರೆದು ಮಾಡಿದ ಕೋಲುಗಳು ಸಿಕ್ಕಾಗ 19ನೇ ಶತಮಾನದ ಪಂಡಿತರು ಅವನ್ನು ನಾಯಕರ ಅಧಿಕಾರದ ದಂಡ ಅಂದರು. ಆ ಹೆಸರೇ ದಶಕಗಟ್ಟಲೆ ಅಂಟಿಕೊಂಡಿತ್ತು.

2015ರಲ್ಲಿ ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ ಮ್ಯಾಮತ್ ದಂತದ ಒಂದು ತುಂಡು ಸಿಕ್ಕಿತು. ಉದ್ದ 20 ಸೆಂ.ಮೀ. ಚಿಲ್ಲರೆ, 35,000 ವರ್ಷಕ್ಕೂ ಹಿಂದಿನದು. ಸಾಲಾಗಿ ನಾಲ್ಕು ತೂತು. ಪ್ರತಿ ತೂತಿನ ಒಳಗೆ ಆಳವಾದ ಸುರುಳಿ ಗೀರು. ಇಂಥವನ್ನು ಹಿಂದೆ ಕಲೆಯ ವಸ್ತು ಅಂದವರೂ ಇದ್ದರು, ವಾದ್ಯ ಅಂದವರೂ ಇದ್ದರು. ಇಲ್ಲಿ ಸಂಶೋಧಕರು ಅದೇ ರೀತಿಯದ್ದು ಮಾಡಿ ನಾರು ತೂರಿಸಿ ನೋಡಿದರು. ನಾಲ್ಕು ತೂತಿಗೆ ನಾಲ್ಕು ಎಳೆ ಹಾಕಿ, ಕೆಲವರು ಸೇರಿ ಎಳೆದು ಹೊಸೆದರೆ ಗಟ್ಟಿ ಹಗ್ಗ ಬರುತ್ತದೆ. ಸುರುಳಿ ಗೀರು ಅಲಂಕಾರವಲ್ಲ, ಎಳೆ ಹಿಡಿದು ಮುಂದಕ್ಕೆ ಕಳಿಸುವುದು ಅದೇ.

ಹಗ್ಗ ಕೊಳೆತುಹೋಗುತ್ತದೆ, ದಂತ ಉಳಿಯುತ್ತದೆ. ಜೊತೆಯ ವಸ್ತು ಕೊಳೆತರೆ ಉಳಿದದ್ದು ನಿಗೂಢವಾಗಿ ಕಾಣುತ್ತದೆ. ಮರ, ಬಟ್ಟೆ, ಬುಟ್ಟಿ, ನಾರು, ಆ ಕಾಲದ ಮನೆಯ ಮುಕ್ಕಾಲು ಪಾಲು ಸಾಮಾನು ಅದೇ ಇದ್ದಿರಬೇಕು ಅಂತ ನನ್ನ ಅನಿಸಿಕೆ.

---

ನೀಲಿಶಾಯಿ:

ನೀವೆಲ್ಲ ಇಷ್ಟು ಬರೆದಿದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಿಲ್ಲ. ಆ ಹಾಲಿನ ಕುಡಿಕೆಯ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಮಡಕೆತಳ ಅವರೇ, ಹನ್ನೆರಡು ಮುಖದ ಗುಂಡಿನ ಬಗ್ಗೆ ನೀವೇ ಹೇಳಿ. ನೀವು ಹೇಳಿದ ಸವೆತ, ಜಾಗದ ಲೆಕ್ಕ ಅಲ್ಲಿ ಹೇಗೆ ಬರುತ್ತದೆ? ಹಾಗೇ ಇನ್ನೊಂದು. ಆ ಕಾಲದವರೇ ತಮ್ಮ ವಸ್ತುಗಳ ಬಗ್ಗೆ ಬರೆದಿಟ್ಟದ್ದು ಏನಾದರೂ ಇದೆಯಾ?

---

ಮಡಕೆತಳ:

ಬರೆದಿಟ್ಟದ್ದರಿಂದಲೇ ಶುರು ಮಾಡುತ್ತೇನೆ. ಇಂಗ್ಲೆಂಡಿನ ಬಾತ್‌ನಲ್ಲಿ ಬಿಸಿನೀರಿನ ಬುಗ್ಗೆ ಇದೆ. ರೋಮನ್ ಕಾಲದಲ್ಲಿ ಅದು ಸುಲಿಸ್ ಮಿನರ್ವಾ ದೇವಿಯ ಜಾಗ. ಜನ ಆ ನೀರಿಗೆ ನಾಣ್ಯ ಹಾಕುತ್ತಿದ್ದರು, ದೇವಿಯ ಹೆಸರು ಕೆತ್ತಿದ ಹಿಡಿಯಿರುವ ಪಾತ್ರೆ ಹಾಕುತ್ತಿದ್ದರು. ಜೊತೆಗೆ ಸೀಸದ ತೆಳು ಹಾಳೆಯ ಮೇಲೆ ದೂರು ಗೀಚಿ, ಸುರುಳಿ ಸುತ್ತಿ ಹಾಕುತ್ತಿದ್ದರು. ಅಂಥ ಹಾಳೆಗಳು ಸುಮಾರು 130 ಸಿಕ್ಕಿವೆ. ಬಹುಪಾಲು ಕಳ್ಳತನದ ದೂರು. ಡೊಕಿಮೆಡಿಸ್ ಅನ್ನುವವನ ಎರಡು ಕೈಗವಸು ಕಳುವಾಗಿವೆ. ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಅಂತ ಅವನು ದೇವಿಯನ್ನು ಕೇಳುತ್ತಾನೆ. ಒಂದು ಜೊತೆ ಕೈಗವಸಿಗೆ! ಚಳಿಯಲ್ಲಿ ಕೈಗವಸು ಕಳೆದುಕೊಂಡವನ ಸಿಟ್ಟು ಅದರಲ್ಲಿ ಎಷ್ಟು ಚೆನ್ನಾಗಿ ಕೇಳಿಸುತ್ತದೆ. ಕೈಗವಸು ಈಗಿಲ್ಲ. ದೇವಿಗೆ ಬರೆದ ಚೀಟಿ ಇರುವುದರಿಂದಲೇ ಆ ದಿನಬಳಕೆಯ ವಸ್ತು ಇತ್ತು ಅಂತ ನಮಗೆ ಗೊತ್ತು. ಕಲ್ಲುಮೂಳೆ ಅವರು ಹೇಳಿದ ಕೊಳೆಯುವ ಸಾಮಾನಿನ ಮಾತಿಗೆ ಇದನ್ನೂ ಸೇರಿಸಿಕೊಳ್ಳಿ.

ಈಗ ಹನ್ನೆರಡು ಮುಖದ್ದು. ತಾಮ್ರದ ಮಿಶ್ರಲೋಹ, ಒಳಗೆ ಟೊಳ್ಳು. ಹನ್ನೆರಡು ಪಂಚಕೋನ ಮುಖ, ಪ್ರತಿ ಮುಖದಲ್ಲೂ ದುಂಡನೆಯ ತೂತು, ತೂತುಗಳ ಗಾತ್ರ ಬೇರೆ ಬೇರೆ. ಇಪ್ಪತ್ತು ಮೂಲೆಗೂ ಒಂದೊಂದು ಗುಬ್ಬಿ. ನೂರಕ್ಕೂ ಜಾಸ್ತಿ ಸಿಕ್ಕಿವೆ. ಬಹುಪಾಲು ರೋಮನ್ ಸಾಮ್ರಾಜ್ಯದ ವಾಯವ್ಯ ಭಾಗದವು, ಅಂದರೆ ಬ್ರಿಟನ್, ಗಾಲ್ (ಈಗಿನ ಫ್ರಾನ್ಸ್ ಸುತ್ತಮುತ್ತ), ಜರ್ಮನಿ ಕಡೆ. ಇಟಲಿಯ ಕಡೆ ಇದರ ಸುದ್ದಿಯೇ ಇಲ್ಲ. ರೋಮನ್ ಬರಹದಲ್ಲೂ ಒಂದು ಸಾಲಿಲ್ಲ. ದೂರ ಅಳೆಯುವ ಸಾಧನ, ಮೇಣದಬತ್ತಿಯ ಕಂಬ, ಕೈಗವಸು ಹೆಣೆಯುವ ಅಚ್ಚು ಅಂತೆಲ್ಲ ಹೇಳಿದ್ದಾರೆ.

ನನ್ನ ಮೇಜಿನ ಲೆಕ್ಕ ಹಾಕೋಣ. ಸವೆತ ಕಾಣುವುದಿಲ್ಲ. ದಾರ ಸುತ್ತಿ ಸುತ್ತಿ ಹೆಣೆದಿದ್ದರೆ ಗುಬ್ಬಿಗಳ ಕತ್ತು ನುಣುಪಾಗಬೇಕಿತ್ತು. ಗಾತ್ರವೂ ಒಂದೇ ಅಲ್ಲ, ಸುಮಾರು 4 ಸೆಂ.ಮೀ.ನಿಂದ 11 ಸೆಂ.ಮೀ.ವರೆಗೆ ಇದೆ. ಅಳೆಯುವ ಸಾಧನ ಊರಿಗೊಂದು ಅಳತೆಯದ್ದಾದರೆ ಏನು ಪ್ರಯೋಜನ? ಎರಕ ಹೊಯ್ಯುವುದು ಕಷ್ಟದ ಕೆಲಸ, ಅಂದರೆ ಖರ್ಚು ಮಾಡಿ ಮಾಡಿಸಿದ್ದಾರೆ. ಕೆಲವು ನಾಣ್ಯದ ಗಂಟಿನ ಜೊತೆ ಸಿಕ್ಕಿವೆ, ಬೆಲೆಯುಳ್ಳದ್ದು ಅಂತ ಬಚ್ಚಿಟ್ಟಿದ್ದಾರೆ. ಇಷ್ಟೆಲ್ಲ ಕೂಡಿಸಿದರೆ ನಾನು ಆಚರಣೆಯ ಕಡೆಗೇ ವಾಲುತ್ತೇನೆ, ಅದೂ ಆ ಭಾಗದ ಸ್ಥಳೀಯ ಜನರ ಆಚರಣೆ.

ಕೊರತೆ ಇರುವುದು ಜಾಗದ ವಿಷಯದಲ್ಲಿ. ಎಷ್ಟೋ ಗುಂಡುಗಳು ಹಳೆಯ ಕಾಲದಲ್ಲಿ ಸಿಕ್ಕವು, ಎಲ್ಲಿ, ಯಾವುದರ ಜೊತೆ ಇತ್ತು ಅಂತ ಬರೆದಿಟ್ಟಿಲ್ಲ. ಅದಕ್ಕೇ 2023ರಲ್ಲಿ ಇಂಗ್ಲೆಂಡಿನ ನಾರ್ಟನ್ ಡಿಸ್ನಿ ಹಳ್ಳಿಯಲ್ಲಿ ಸಿಕ್ಕಿದ್ದು ದೊಡ್ಡ ಸುದ್ದಿಯಾಯಿತು. ಸುಮಾರು 8 ಸೆಂ.ಮೀ., 245 ಗ್ರಾಂ, ಒಂದು ಮೂಲೆಯೂ ಮುರಿದಿಲ್ಲ. ಅದನ್ನು ಹೊರತೆಗೆದದ್ದು ಊರಿನ ಸ್ವಯಂಸೇವಕರ ತಂಡ. ಅವಸರ ಮಾಡದೆ ಅಗೆದರು. ಗುಂಡು ಒಂದು ಗುಂಡಿಯಲ್ಲಿ, ರೋಮನ್ ಮಡಕೆ ಚೂರುಗಳ ನಡುವೆ ಕೂತಿತ್ತು. ಎಲ್ಲರೂ ಗುಂಡಿನ ಫೋಟೊ ಹಾಕುತ್ತಿದ್ದಾರೆ. ನನಗೆ ಬೇಕಿರುವುದು ಆ ಚೂರುಗಳ ಫೋಟೊ, ತಳದ ಕಡೆಯಿಂದ ತೆಗೆದದ್ದು. ಯಾರ ಹತ್ತಿರವಾದರೂ ಇದ್ದರೆ ಇಲ್ಲಿ ಹಾಕಿ.